ಫುಟ್‌ಪಾತಿನ ಕಥೆ ಹೇಳಿದ ಶಂಕರಣ್ಣ

ದಾವಣಗೆರೆ ಬಸ್ ನಿಲ್ದಾಣದ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿ. ಸಾಲಾಗಿ ನಿಂತ ಆಟೋಗಳಲ್ಲಿ ಒಂದರ ಬೆನ್ನ ಮೇಲಾದರೂ ಶಂಕರ್‌ನಾಗ್ ನಗುತ್ತಿರುತ್ತಾರೆ. ತೀರಿಕೊಂಡು ಮೂರು ದಶಕದ ಮೇಲಾಯ್ತು. ಆಗ ಹುಟ್ಟೇ ಇರದ ಹುಡುಗರಿಗೂ ಅವರು ಶಂಕರಣ್ಣನೇ.

ಇದಕ್ಕೆ 1980ರ ‘ಆಟೋ ರಾಜ’ ಕಾರಣ ಅಂತ ಎಲ್ಲರಿಗೂ ಗೊತ್ತು. ಆದರೆ ಅದರ ನಿರ್ದೇಶಕರು ವಿಜಯ್. ಶಂಕರ್ ತಾವೇ ನಿರ್ದೇಶನಕ್ಕೆ ನಿಂತಾಗ ಏನು ತೆಗೆದರು? ಅದನ್ನು ನೆನೆದವರು ಕಡಿಮೆ.

ಹುಟ್ಟಿದ್ದು 1954ರ ನವೆಂಬರ್ 9ರಂದು, ಉತ್ತರ ಕನ್ನಡದ ಹೊನ್ನಾವರದ ಕಡೆ. ಅನಂತನಾಗ್ ಅಣ್ಣ. ಮುಂಬಯಿಗೆ ಹೋದವರು ಬ್ಯಾಂಕ್ ಕೆಲಸ ಮಾಡುತ್ತಲೇ ಮರಾಠಿ ನಾಟಕದ ರುಚಿ ಹತ್ತಿಸಿಕೊಂಡರು. 1978ರಲ್ಲಿ ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಅವರನ್ನು ಕನ್ನಡ ಚಿತ್ರರಂಗಕ್ಕೆ ಕರೆತಂತು.

ಎರಡೇ ವರ್ಷಕ್ಕೆ, 1980ರಲ್ಲಿ, ಸ್ವಂತ ನಿರ್ದೇಶನದ ‘ಮಿಂಚಿನ ಓಟ’ ಬಂತು. ರಾಜ ಮಹಾರಾಜರಿಲ್ಲ, ಅರಮನೆಯಿಲ್ಲ. ಕಾರು ಕದ್ದು ಹೊಟ್ಟೆ ಹೊರೆಯುವವರ ಕಥೆ ಅದು. ರಾಜ್ಯ ಪ್ರಶಸ್ತಿಗಳು ಅದರ ಮನೆ ಹುಡುಕಿಕೊಂಡು ಬಂದವು.

1985ರ ‘ಆಕ್ಸಿಡೆಂಟ್’ ಇನ್ನೂ ಖಾರ. ರಾಜಕಾರಣಿಯ ಮಗ ಅಮಲಿನಲ್ಲಿ ಕಾರು ಓಡಿಸಿ, ರಸ್ತೆ ಬದಿ ಮಲಗಿದ್ದ ಬಡವರ ಮೇಲೆ ಹತ್ತಿಸುತ್ತಾನೆ. ಅಪ್ಪ ಕೇಸು ಮುಚ್ಚಲು ಹೊರಡುತ್ತಾನೆ, ಪತ್ರಕರ್ತನೊಬ್ಬ ಬೆನ್ನು ಹತ್ತುತ್ತಾನೆ. ಅಪ್ಪನಾಗಿ ಅನಂತನಾಗ್, ಪತ್ರಕರ್ತನಾಗಿ ಶಂಕರ್. ಹಾಡು, ಕುಣಿತ ಒಂದೂ ಇಲ್ಲ. ಸಾಮಾಜಿಕ ಸಮಸ್ಯೆಯ ಚಿತ್ರ ಎಂದು ರಾಷ್ಟ್ರ ಪ್ರಶಸ್ತಿ ಸಿಕ್ಕಿತು.

ಹಾಗಂತ ದೊಡ್ಡ ಚಿತ್ರದ ಆಸೆ ಇರಲಿಲ್ಲವೇ? ಇತ್ತು ಸ್ವಾಮಿ. 1987ರಲ್ಲಿ ಡಾ. ರಾಜ್‌ಕುಮಾರ್ ಅವರನ್ನು ಹಾಕಿಕೊಂಡು ‘ಒಂದು ಮುತ್ತಿನ ಕಥೆ’ ತೆಗೆದರು. ಅಮೆರಿಕದ ಸ್ಟೈನ್‌ಬೆಕ್ ಬರೆದ ಕಥೆ ಅದರ ಮೂಲ. ಕ್ಯಾಮೆರಾ ಸಮುದ್ರದೊಳಕ್ಕೇ ಇಳಿಯಿತು. ಅಣ್ಣಾವ್ರಿದ್ದರೂ ಜನ ನಿರೀಕ್ಷಿಸಿದಷ್ಟು ಬರಲಿಲ್ಲ.

ಕಡಲಿನ ತಳ ತೋರಿಸಲು ದುಡ್ಡು ಬೇಕು. ಫುಟ್‌ಪಾತ್ ತೋರಿಸಲು ಧೈರ್ಯ ಸಾಕು. ಶಂಕರ್ ಎರಡನ್ನೂ ಮಾಡಿ ನೋಡಿದರು. ಎದೆಗೆ ನಾಟಿದ್ದು ಎರಡನೆಯದೇ ಎಂಬುದು ಈ ಬಡಪಾಯಿ ವರದಿಗಾರನ ಲೆಕ್ಕ.

ಮುಂದಿನದು ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. 1990ರ ಸೆಪ್ಟೆಂಬರ್ 30. ‘ಜೋಕುಮಾರಸ್ವಾಮಿ’ ಚಿತ್ರೀಕರಣಕ್ಕೆಂದು ಹೊರಟಿದ್ದ ಕಾರು ಆನಗೋಡಿನ ಹತ್ತಿರ ಹೆದ್ದಾರಿಯಲ್ಲಿ ಅಪಘಾತಕ್ಕೀಡಾಯಿತು. ಮೂವತ್ತಾರು ತುಂಬಲು ಇನ್ನೂ ತಿಂಗಳಿಗೂ ಹೆಚ್ಚು ಬಾಕಿಯಿತ್ತು. ‘ಆಕ್ಸಿಡೆಂಟ್’ ತೆಗೆದವರನ್ನು ಆಕ್ಸಿಡೆಂಟೇ ಕೊಂಡೊಯ್ದಿತು.

ರಾತ್ರಿ ಕೊನೇ ಬಸ್ಸಿಗೆ ಇಳಿದವರು ನೋಡಿರುತ್ತೀರಿ. ಅಂಗಡಿಯವರು ಷಟರ್ ಎಳೆದು ಹೋದ ಮೇಲೆ ಅದೇ ಕಟ್ಟೆಯಲ್ಲಿ ಗೋಣಿಚೀಲ ಹಾಸಿ ಮಲಗುವವರಿದ್ದಾರೆ. ಎರಡು ಮಾರು ಆಚೆಗೇ ವಾಹನ ಭರ್ರೆಂದು ಹೋಗುತ್ತವೆ. ಶಂಕರಣ್ಣ ಕ್ಯಾಮೆರಾ ಇಟ್ಟಿದ್ದು ಇವರ ಕಡೆಗೆ.

ಆಟೋ ಹಿಂದೆ ಅವರ ಪಟ ಅಂಟಿಸಿಕೊಂಡ ಅಣ್ಣಂದಿರೇ, ರಾತ್ರಿ ಆ ತಿರುವಿನಲ್ಲಿ ಸ್ವಲ್ಪ ನಿಧಾನ. ಶಂಕರಣ್ಣನಿಗೆ ಅದಕ್ಕಿಂತ ದೊಡ್ಡ ಹಾರ ಬೇಡ.