ಬಾಗಿಲು ತೆರೆದ ಅರಸ ನಾಲ್ವಡಿ ಕೃಷ್ಣರಾಜ ಒಡೆಯರ್

ಅರಸರು ಊರಿಗೆ ಬಂದರೆ ಹಸಿರು ತೋರಣ, ಪೂರ್ಣಕುಂಭ, ಬಿನ್ನವತ್ತಳೆ. ಹಿಂದಿರುಗಿದ ಮೇಲೆ ಉಳಿಯುವುದು ಒಂದು ಶಿಲಾಫಲಕ. ಹಳೆಯ ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಶಂಕುಸ್ಥಾಪನೆ ಮಾಡಿದ ಅನೇಕ ಸಂಸ್ಥೆಗಳು ಇಂದಿಗೂ ಜನರ ಬಳಕೆಯಲ್ಲಿವೆ. ಅಂತಹ ಸಂಸ್ಥೆಗಳ ಬಾಗಿಲು ಯಾರು ಯಾರಿಗೆ ತೆರೆದಿರಬೇಕು ಎಂಬ ಪ್ರಶ್ನೆ ಅವರ ಆಳ್ವಿಕೆಯ ಉದ್ದಕ್ಕೂ ಕಾಡಿತು.

ಎಳವೆಯಲ್ಲೇ ಪಟ್ಟ

ಕೃಷ್ಣರಾಜರು ಜನಿಸಿದ್ದು 1884ರ ಜೂನ್ 4ರಂದು. ತಂದೆ ಚಾಮರಾಜೇಂದ್ರ ಒಡೆಯರ್ 1894ರ ಡಿಸೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ನಿಧನರಾದಾಗ ಬಾಲಕನಿಗೆ ಹತ್ತು ವರ್ಷ. ತಾಯಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಯಾಗಿ ಆಡಳಿತ ನಡೆಸಿದರು. 1897ರಲ್ಲಿ ಹಳೆಯ ಅರಮನೆ ಬೆಂಕಿಗೆ ಆಹುತಿಯಾಗಿತ್ತು. ಹೀಗಾಗಿ 1902ರ ಆಗಸ್ಟ್ 8ರಂದು ಜಗನ್ಮೋಹನ ಅರಮನೆಯಲ್ಲಿ, ವೈಸರಾಯ್ ಲಾರ್ಡ್ ಕರ್ಜನ್ ಸಮ್ಮುಖದಲ್ಲಿ, ಅವರಿಗೆ ಪೂರ್ಣಾಧಿಕಾರ ದೊರೆಯಿತು.

ವಿದ್ಯೆಗೆ ಆಶ್ರಯ

ಜೆಮ್ಶೆಟ್‌ಜಿ ಟಾಟಾ ಕನಸು ಕಂಡ ವಿಜ್ಞಾನ ಸಂಸ್ಥೆಗೆ ಮೈಸೂರು ಸರ್ಕಾರ ಬೆಂಗಳೂರಿನಲ್ಲಿ 371 ಎಕರೆ ಭೂಮಿ ನೀಡಿತು; ಕಟ್ಟಡಕ್ಕೆ ಐದು ಲಕ್ಷ ರೂಪಾಯಿಗಳನ್ನೂ ಕೊಟ್ಟಿತು. 1911ರಲ್ಲಿ ಅದರ ಮುಖ್ಯ ಕಟ್ಟಡಕ್ಕೆ ಅಡಿಗಲ್ಲು ಇಟ್ಟವರು ಮಹಾರಾಜರೇ. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪನೆಯಾಯಿತು. 1916ರ ಜುಲೈನಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆರಂಭವಾದಾಗ ಅವರೇ ಪ್ರಥಮ ಕುಲಾಧಿಪತಿಗಳಾದರು. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಪ್ರಥಮ ಕುಲಾಧಿಪತಿ ಸ್ಥಾನವೂ ಅವರಿಗೇ ಸಂದಿತು.

ಆದರೆ ವಿದ್ಯೆಯ ಫಲ ಎಲ್ಲರಿಗೂ ಸಮನಾಗಿ ಸಿಗುತ್ತಿರಲಿಲ್ಲ. ಸರ್ಕಾರಿ ಹುದ್ದೆಗಳಲ್ಲಿ ಬಹುಪಾಲು ಒಂದೇ ಸಮುದಾಯದವರ ಕೈಯಲ್ಲಿದ್ದವು. 1917ರಲ್ಲಿ ಪ್ರಜಾಮಿತ್ರ ಮಂಡಳಿ ಸ್ಥಾಪನೆಯಾಯಿತು. ಮರುವರ್ಷ ಬ್ರಾಹ್ಮಣೇತರ ಮುಖಂಡರು ಮಹಾರಾಜರನ್ನು ಕಂಡು ಅಹವಾಲು ಸಲ್ಲಿಸಿದರು. ಅರಸರು ಅದನ್ನು ಬದಿಗಿಡಲಿಲ್ಲ. ನ್ಯಾಯಮೂರ್ತಿ ಲೆಸ್ಲಿ ಮಿಲ್ಲರ್ ನೇತೃತ್ವದಲ್ಲಿ ಸಮಿತಿ ರಚನೆಯಾಯಿತು.

ಇದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಅರ್ಹತೆಯೊಂದೇ ಮಾನದಂಡವಾಗಬೇಕೆಂಬುದು ದಿವಾನ್ ಸರ್ ಎಂ. ವಿಶ್ವೇಶ್ವರಯ್ಯ ಅವರ ನಿಲುವಾಗಿತ್ತು. ಕನ್ನಂಬಾಡಿ ಅಣೆಕಟ್ಟು, ವಿಶ್ವವಿದ್ಯಾನಿಲಯಗಳಂತಹ ಮಹಾಕಾರ್ಯಗಳಲ್ಲಿ ಅರಸರಿಗೆ ಬಲಗೈಯಾಗಿದ್ದ ಅವರು 1918ರ ಕೊನೆಯಲ್ಲಿ ದಿವಾನಗಿರಿ ತೊರೆದರು. ಮಿಲ್ಲರ್ ಸಮಿತಿ 1919ರಲ್ಲಿ ವರದಿ ನೀಡಿತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡರಷ್ಟು ಹಿಂದುಳಿದ ಸಮುದಾಯಗಳಿಗೆ ದೊರೆಯಬೇಕೆಂಬುದು ಅದರ ಶಿಫಾರಸಿನ ಸಾರ. ಕರ್ನಾಟಕದ ಮೀಸಲಾತಿಯ ಇತಿಹಾಸ ಅಲ್ಲಿಂದ ಮೊದಲಾಗುತ್ತದೆ.

ಇಗರ್ಜಿಗೆ ಅಡಿಗಲ್ಲು

ಚಾಮುಂಡೇಶ್ವರಿಯ ಭಕ್ತರಾಗಿದ್ದ ಕೃಷ್ಣರಾಜರು 1931ರಲ್ಲಿ ಕೈಲಾಸ–ಮಾನಸ ಸರೋವರ ಯಾತ್ರೆಯನ್ನೂ ಕೈಗೊಂಡರು. ಆ ಭಕ್ತಿ ಅನ್ಯಧರ್ಮೀಯರಿಂದ ಅವರನ್ನು ದೂರ ಮಾಡಲಿಲ್ಲ. ಮೈಸೂರಿನಲ್ಲಿ ಅವರ ಅಜ್ಜ ಮುಮ್ಮಡಿ ಕೃಷ್ಣರಾಜರ ಕಾಲದ ಇಗರ್ಜಿ ಇದ್ದ ಸ್ಥಳದಲ್ಲೇ ಸಂತ ಫಿಲೋಮಿನಾ ಚರ್ಚ್ ನಿರ್ಮಿಸಲು 1933ರ ಅಕ್ಟೋಬರ್ 28ರಂದು ಅಡಿಗಲ್ಲು ಇಟ್ಟರು. ಅದಕ್ಕೂ ಮುನ್ನ ಸಂತಳ ಪವಿತ್ರ ಅವಶೇಷವನ್ನು ಪಡೆದು ತಂದವರು ಅರಸರ ಹುಜೂರ್ ಕಾರ್ಯದರ್ಶಿ ತಂಬುಚೆಟ್ಟಿ. ಅದೇ ವರ್ಷದ ಮಾರ್ಚ್‌ನಲ್ಲಿ ಬೆಂಗಳೂರು ಪುರಭವನಕ್ಕೂ ಮಹಾರಾಜರು ಶಂಕುಸ್ಥಾಪನೆ ಮಾಡಿದ್ದರು. 1926ರಿಂದ ಅವರ ದಿವಾನರಾಗಿದ್ದವರು ಸಹಪಾಠಿಯೂ ಆಗಿದ್ದ ಮಿರ್ಜಾ ಇಸ್ಮಾಯಿಲ್.

ಕೊನೆಯ ವರ್ಷಗಳು

ಗಾಂಧೀಜಿ ಅವರನ್ನು ರಾಜರ್ಷಿ ಎಂದು ಗೌರವಿಸಿದ್ದು ಪ್ರಸಿದ್ಧ. ಆದರೂ ಒಂದು ಬಾಗಿಲು ಅವರ ಕಾಲದಲ್ಲಿ ಪೂರ್ಣವಾಗಿ ತೆರೆಯಲಿಲ್ಲ. ಪ್ರಜಾಪ್ರತಿನಿಧಿ ಸಭೆಗೆ 1923ರಲ್ಲಿ ಶಾಸನದ ಬಲ ಸಿಕ್ಕಿತಾದರೂ ಜವಾಬ್ದಾರಿ ಸರ್ಕಾರದ ಬೇಡಿಕೆ ಈಡೇರಲಿಲ್ಲ. 1938ರ ಏಪ್ರಿಲ್‌ನಲ್ಲಿ ಮದ್ದೂರು ಸಮೀಪದ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಪೊಲೀಸರ ಗುಂಡಿಗೆ ಸತ್ಯಾಗ್ರಹಿಗಳು ಬಲಿಯಾದರು. ಪ್ರಜಾವತ್ಸಲ ಅರಸರ ಆಳ್ವಿಕೆಯ ಮೇಲೆ ಬಿದ್ದ ಕಪ್ಪು ನೆರಳದು.

1940ರ ಮಾರ್ಚ್‌ನಲ್ಲಿ ಸಹೋದರ, ಯುವರಾಜ ನರಸಿಂಹರಾಜ ಒಡೆಯರ್ ತೀರಿಕೊಂಡರು. ಆಗಸ್ಟ್ 3ರಂದು ಬೆಂಗಳೂರಿನಲ್ಲಿ ಕೃಷ್ಣರಾಜರೂ ಕಣ್ಮುಚ್ಚಿದರು. ಅವರಿಗೆ ಮಕ್ಕಳಿರಲಿಲ್ಲ, ಯುವರಾಜರ ಪುತ್ರ ಜಯಚಾಮರಾಜರು ಸಿಂಹಾಸನವೇರಿದರು. ಜನರು ಕೇಳಿದ ಜವಾಬ್ದಾರಿ ಸರ್ಕಾರ ಬಂದದ್ದು 1947ರ ಅಕ್ಟೋಬರ್‌ನಲ್ಲಿ, ಮತ್ತೊಂದು ಚಳವಳಿಯ ನಂತರ. ಆ ಹೊತ್ತಿಗೆ ಸಂಸ್ಥಾನದ ಶಾಲೆ, ಕಾಲೇಜುಗಳಲ್ಲಿ ಓದಿದ ಒಂದು ತಲೆಮಾರು ತನ್ನ ಹಕ್ಕನ್ನು ತಾನೇ ಕೇಳಲು ಕಲಿತಿತ್ತು.