ಹಸಿದ ಮಕ್ಕಳಿಗೆ ಅನ್ನವಿಟ್ಟು ಅಕ್ಷರ ಕಲಿಸಿದ ಗಡಿನಾಡಿನ ರಂಗರಾಯರು



ಈ ಸಲ ನಾವು ನೆನೆಯಬೇಕಾದವರು ನಮ್ಮ ಹಾಗೆಯೇ ಗಡಿನಾಡಿನವರು, ಕುದ್ಮುಲ್ ರಂಗರಾಯರು. 1859ರ ಜೂನ್ 29ರಂದು ಕಾಸರಗೋಡಿನ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದರು. ಎಳೆಯ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಕೆಲಸ ಹುಡುಕಿಕೊಂಡು ಮಂಗಳೂರಿಗೆ ಬಂದು, ಅಲ್ಪ ಸಂಬಳಕ್ಕೆ ಶಾಲಾ ಮೇಷ್ಟ್ರಾದರು. ಮುಂದೆ ವಕೀಲಿ ಪರೀಕ್ಷೆ ಪಾಸು ಮಾಡಿ ಬಡವರ ವಕೀಲರೆನಿಸಿದರು.

ದಲಿತರ ಮಕ್ಕಳನ್ನು ಶಾಲೆಯ ಜಗುಲಿಗೂ ಸೇರಿಸದ ಕಾಲ ಅದು. ಬ್ರಹ್ಮಸಮಾಜದ ವಿಚಾರಗಳಿಗೆ ಒಲಿದಿದ್ದ ರಾಯರು 1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಆ ಮಕ್ಕಳಿಗಾಗಿಯೇ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಸುಮ್ಮನಿರಲಿಲ್ಲ ಊರು. ಸ್ವಜಾತಿಯವರು ಬಹಿಷ್ಕಾರ ಹಾಕಿದರು, ಶಾಲೆಗೆ ತೊಂದರೆ ಕೊಟ್ಟರು. ರಾಯರು ಜಗ್ಗಲಿಲ್ಲ.

ಶಾಲೆ ತೆರೆದ ಮಾತ್ರಕ್ಕೆ ಮಕ್ಕಳು ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಹೊಟ್ಟೆ ಹಸಿದ ಮಗುವಿಗೆ ಪಾಠ ಹತ್ತದು. ಮಗು ಕೂಲಿ ಬಿಟ್ಟು ಬಂದರೆ ಮನೆಗೆ ಆ ದಿನದ ಗಂಜಿಯೇ ಖೋತಾ. ಆದ್ದರಿಂದ ಶಾಲೆಯಲ್ಲಿ ಮಧ್ಯಾಹ್ನದ ಊಟವಿಟ್ಟರು, ಬಂದ ಮಕ್ಕಳಿಗೆ ಒಂದೆರಡು ಕಾಸನ್ನೂ ಕೊಟ್ಟರು. ಕೇರಿಗಳಿಗೆ ಬಾವಿ ತೋಡಿಸಿದರು. ಸರ್ಕಾರದಿಂದ ಜಮೀನು ಪಡೆದು ಕುಟುಂಬಗಳಿಗೆ ನೆಲೆ ಮಾಡಿಸಿದರು. ದೊಡ್ಡವರಾದ ಮಕ್ಕಳಿಗೆ ನೇಯ್ಗೆ, ಬಡಗಿ ಕೆಲಸ ಕಲಿಸಿದರು. ಅನ್ನ, ನೀರು, ಸೂರು, ದುಡಿಮೆ, ಇವು ನಾಲ್ಕೂ ಇಲ್ಲದೆ ಮಗುವಿನ ಆರೋಗ್ಯ ನಿಲ್ಲದು. ಮದ್ರಾಸ್ ರಾಜ್ಯದಲ್ಲಿ ಕಾಮರಾಜರ ಮಧ್ಯಾಹ್ನದ ಊಟ ಬಂದದ್ದು 1956ರಲ್ಲಿ. ರಾಯರು ಅದಕ್ಕೂ ಅರ್ಧ ಶತಮಾನ ಹಿಂದೆ ಈ ದಾರಿ ಹಿಡಿದಿದ್ದರು.

ನಮ್ಮ ಈರೋಡು ಕಡೆಗೂ ಅವರ ನಂಟಿದೆ. ಜಾತಿ ನೋಡದೆ ಮಗಳು ರಾಧಾಬಾಯಿಯವರನ್ನು ತಿರುಚೆಂಗೋಡು ಸಮೀಪದ ಕುಮಾರಮಂಗಲದ ಜಮೀನ್ದಾರ ಪಿ. ಸುಬ್ಬರಾಯನ್ ಅವರಿಗೆ ಮದುವೆ ಮಾಡಿಕೊಟ್ಟರು. ಅಳಿಯ ಮುಂದೆ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿಯಾದರು. ಮೊಮ್ಮಗ ಜನರಲ್ ಕುಮಾರಮಂಗಲಂ ದೇಶದ ಸೇನಾ ಮುಖ್ಯಸ್ಥರಾದರು.

ಕೊನೆಗಾಲದಲ್ಲಿ ರಾಯರು ಸಂನ್ಯಾಸ ಪಡೆದು ಈಶ್ವರಾನಂದರಾದರು. 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಅಂತ್ಯಕ್ರಿಯೆ ದಲಿತರ ಕೈಯಿಂದಲೇ ಆಗಲೆಂದು ಬಯಸಿದ್ದರು. ತಾವು ಓದಿಸಿದ ಮಕ್ಕಳು ಅಧಿಕಾರಿಗಳಾಗಿ ಕಾರಿನಲ್ಲಿ ಹೋಗುವಾಗ ಏಳುವ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕ ಎಂಬುದು ಅವರ ಆಸೆಯಾಗಿತ್ತು. ಮಂಗಳೂರಿನ ಪುರಭವನಕ್ಕೆ ಇಂದು ಅವರದೇ ಹೆಸರು.

ಇದನ್ನು ಗುಮಟಾಪುರದಲ್ಲಿ ಕೂತು ಬರೆಯಲು ಕಾರಣವಿದೆ. ನಮ್ಮ ತಾಳವಾಡಿ ಬೆಟ್ಟದವರು ಮಗುವಿಗೆ ಕಾಯಿಲೆಯಾದರೆ ಚಾಮರಾಜನಗರ, ಮೈಸೂರಿಗೂ ಓಡುತ್ತಾರೆ. ಕೈಯಲ್ಲಿರುವ ಕಾಗದ ತಮಿಳಿನಲ್ಲಿ, ಅಲ್ಲಿ ತುಂಬಬೇಕಾದ ಅರ್ಜಿ ಕನ್ನಡದಲ್ಲಿ. ಯಾವ ಚೀಟಿ ಎಲ್ಲಿ ನಡೆಯುತ್ತದೆಂದು ತಿಳಿಯದೆ ಸಾಲ ಮಾಡಿ ಮರಳಿದವರನ್ನು ನಾನೇ ಕಂಡಿದ್ದೇನೆ. ಗುಮಾಸ್ತನಾಗಿ ದುಡಿದ ನನಗೆ ಅರ್ಜಿ ಬರೆಯುವುದು ಗೊತ್ತು. ನಿಮ್ಮಲ್ಲೂ ಎರಡೂ ಭಾಷೆ ಬಲ್ಲವರಿದ್ದೀರಿ. ಪ್ರತಿ ಊರಿನಿಂದ ಒಬ್ಬರು ಮುಂದೆ ಬಂದು, ಇಂಥ ಒಂದು ಕುಟುಂಬದ ಜೊತೆ ಆಸ್ಪತ್ರೆಯ ತನಕ ಹೋಗಿ ಬಂದರೆ ಸಾಕು. ರಾಯರ ಸ್ಮರಣೆಗೆ ಹಾರ ತುರಾಯಿ ಬೇಕಿಲ್ಲ. ಒಪ್ಪುವವರು ಮುಂದಿನ ಸಭೆಯಲ್ಲಿ ಹೆಸರು ಕೊಡಿ.

ಇಂತಿ,
ಕಾರ್ಯದರ್ಶಿ