ಬಿ. ಎಲ್. ರೈಸ್

ಬೆಂಜಮಿನ್ ಲೂಯಿಸ್ ರೈಸ್ (1837–1927) ಮೈಸೂರು ಸಂಸ್ಥಾನದ ಶಿಕ್ಷಣಾಧಿಕಾರಿ, ಶಾಸನತಜ್ಞ ಹಾಗೂ ಇತಿಹಾಸಕಾರರು. 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳ ಸಂಪಾದಕರಾದ ಇವರನ್ನು ಕನ್ನಡಿಗರು ಶಾಸನ ಪಿತಾಮಹರೆಂದು ಗೌರವಿಸುತ್ತಾರೆ.

ಜೀವನ

ರೈಸ್ ಬೆಂಗಳೂರಿನಲ್ಲಿ ಜನಿಸಿದರು. ತಂದೆ ರೆವರೆಂಡ್ ಬೆಂಜಮಿನ್ ರೈಸ್ ಲಂಡನ್ ಮಿಷನರಿ ಸೊಸೈಟಿಯಲ್ಲಿದ್ದರು. ಇಂಗ್ಲೆಂಡಿನಲ್ಲಿ ವ್ಯಾಸಂಗ ಮುಗಿಸಿದ ರೈಸ್ 1860ರಲ್ಲಿ ಮರಳಿ ಬಂದು, ಮುಂದೆ ಸೆಂಟ್ರಲ್ ಕಾಲೇಜಾದ ಬೆಂಗಳೂರಿನ ಹೈಸ್ಕೂಲಿನ ಮುಖ್ಯಸ್ಥರಾದರು. ಅನಂತರ ಶಾಲೆಗಳ ಇನ್‌ಸ್ಪೆಕ್ಟರ್ ಆಗಿ, ಸಾರ್ವಜನಿಕ ಶಿಕ್ಷಣದ ನಿರ್ದೇಶಕರಾಗಿ ಸೇವೆ ಸಲ್ಲಿಸಿದರು. ತಪಾಸಣೆಗೆಂದು ಸಂಚರಿಸುತ್ತಿದ್ದಾಗ ಹಳ್ಳಿಗಳ ಕಲ್ಬರಹಗಳು ಅವರ ಆಸಕ್ತಿಯನ್ನು ಸೆಳೆದವು. 1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ತೆರಳಿ, ಅಲ್ಲಿಯೇ ನಿಧನರಾದರು.

ಶಾಸನ ಸಂಗ್ರಹ

ಮೇಜರ್ ಡಿಕ್ಸನ್ ತೆಗೆದಿದ್ದ ಛಾಯಾಚಿತ್ರಗಳ ನೆರವಿನಿಂದ ರೈಸ್ 1879ರಲ್ಲಿ 'ಮೈಸೂರು ಇನ್‌ಸ್ಕ್ರಿಪ್ಷನ್ಸ್' ಪ್ರಕಟಿಸಿದರು. ಬಳಿಕ 12 ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು ಬೆಳಕಿಗೆ ತಂದರು.

ಇಷ್ಟು ದೊಡ್ಡ ರಾಶಿಯನ್ನು ಅವರು ರಾಜವಂಶ ಅಥವಾ ಕಾಲದ ಅನುಕ್ರಮದಲ್ಲಿ ಜೋಡಿಸಲಿಲ್ಲ, ಸ್ಥಳಾನುಸಾರ ಜೋಡಿಸಿದರು. ಜಿಲ್ಲೆಗೆ ಸಂಪುಟ, ಅದರೊಳಗೆ ತಾಲ್ಲೂಕು, ತಾಲ್ಲೂಕಿಗೊಂದು ಕ್ರಮಸಂಖ್ಯೆ, ಪ್ರತಿ ಶಾಸನಕ್ಕೂ ಗ್ರಾಮದ ಹೆಸರು ಹಾಗೂ ಕಲ್ಲು ನಿಂತಿರುವ ಜಾಗ – ಇದು ಅವರ ಕ್ರಮ. ಕದಂಬರ ಇತಿಹಾಸಕ್ಕೆ ಮುಖ್ಯ ಆಕರವಾದ ತಾಳಗುಂದದ ಸ್ತಂಭಶಾಸನವು ಹೀಗೆ ಶಿಕಾರಿಪುರ 176 ಎಂದು ಪ್ರಸಿದ್ಧವಾಯಿತು. ಇಂದು ಗಣಕಯಂತ್ರದ ದತ್ತಸಂಚಯದಲ್ಲಿ ಒಂದು ಸ್ಥಳದ ಸುತ್ತಮುತ್ತಲಿನ ದಾಖಲೆಗಳನ್ನು ಹುಡುಕುವ ಕೆಲಸವನ್ನು ಆ ಕಾಲದಲ್ಲಿ ಈ ಮುದ್ರಿತ ಕ್ರಮವೇ ಸಾಧ್ಯವಾಗಿಸಿತು. ತನ್ನ ಊರಿನ ಶಾಸನವನ್ನು ಅರಸುವವನಿಗೆ ಅರಸನ ಹೆಸರು ತಿಳಿದಿರಬೇಕಾಗಿರಲಿಲ್ಲ. ತಾಲ್ಲೂಕು, ಗ್ರಾಮ ತಿಳಿದಿದ್ದರೆ ಸಾಕಿತ್ತು.

ಶಿಕಾರಿಪುರ ಮತ್ತು ಸೊರಬ

ಈ ಕ್ರಮದ ಪ್ರಯೋಜನ ಮತ್ತು ಮಿತಿ ಎರಡೂ ಶಿವಮೊಗ್ಗ ಜಿಲ್ಲೆಯಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಬಳ್ಳಿಗಾವಿ, ತಾಳಗುಂದ, ಮಳವಳ್ಳಿಗಳನ್ನೊಳಗೊಂಡ ಶಿಕಾರಿಪುರ ತಾಲ್ಲೂಕು 1902ರ 7ನೆಯ ಸಂಪುಟದಲ್ಲಿದೆ. ಕುಪ್ಪಟೂರು, ಉದ್ರಿಗಳಿರುವ ನೆರೆಯ ಸೊರಬ ತಾಲ್ಲೂಕು 1904ರ 8ನೆಯ ಸಂಪುಟದಲ್ಲಿದೆ. ಕದಂಬ, ಚಾಲುಕ್ಯರ ಕಾಲದಲ್ಲಿ ಈ ಗಡಿ ಇರಲಿಲ್ಲ. ಎರಡೂ ಬನವಾಸಿ ನಾಡಿನ ಭಾಗಗಳಾಗಿದ್ದವು. ಆದುದರಿಂದ ಗಡಿಯಂಚಿನ ಗ್ರಾಮವೊಂದರ ಸುತ್ತಲಿನ ಶಾಸನಗಳನ್ನು ತಿಳಿಯಬಯಸುವವರು ಎರಡೂ ಸಂಪುಟಗಳನ್ನು ತೆರೆಯಬೇಕು. ತಾಲ್ಲೂಕಿನ ಪಟ್ಟಿ ಒಂದು ಗ್ರಾಮವು ಯಾವ ಆಡಳಿತಕ್ಕೆ ಸೇರಿದೆ ಎಂಬುದನ್ನು ಹೇಳುತ್ತದೆಯೇ ಹೊರತು ಎರಡು ಗ್ರಾಮಗಳ ನಡುವಿನ ದೂರವನ್ನು ಹೇಳುವುದಿಲ್ಲ. ಅಕ್ಷಾಂಶ ಮತ್ತು ರೇಖಾಂಶಗಳನ್ನು ದಾಖಲಿಸಿದ ಪಟ್ಟಿಯಲ್ಲಿ ಈ ತೊಡಕಿಲ್ಲ; ಅಲ್ಲಿ ಒಂದು ಬಿಂದುವಿನಿಂದ ಇಂತಿಷ್ಟು ಕಿಲೋಮೀಟರಿನೊಳಗಿನ ಶಾಸನಗಳನ್ನು ಗಡಿಯ ಹಂಗಿಲ್ಲದೆ ಆರಿಸಬಹುದು.

ಪ್ರಾಮುಖ್ಯ

ಕಲ್ಲುಗಳು ಒಡೆದು, ಸ್ಥಳಾಂತರಗೊಂಡು, ಕಾಣೆಯಾದಾಗ ಅವು ಮೊದಲು ಎಲ್ಲಿದ್ದವೆಂದು ತಿಳಿಯಲು ರೈಸ್ ಬರೆದಿಟ್ಟ ಸ್ಥಳವಿವರವೇ ಆಧಾರವಾಗಿದೆ. ಅವರ ನಂತರ ಆರ್. ನರಸಿಂಹಾಚಾರ್ ಪುರಾತತ್ತ್ವ ಇಲಾಖೆಯಲ್ಲಿ ಈ ಕಾರ್ಯವನ್ನು ಮುಂದುವರಿಸಿದರು. ಸಂಶೋಧಕರು ಇಂದಿಗೂ ಶಾಸನಗಳನ್ನು ರೈಸ್ ನೀಡಿದ ತಾಲ್ಲೂಕು ಸಂಖ್ಯೆಗಳಿಂದಲೇ ಉಲ್ಲೇಖಿಸುವುದುಂಟು.